ಜಲ್ಲಿ ದಾರಿಯಲ್ಲಿ ಯಾರೂ ಮುಟ್ಟದ ನಾಡಿ

ನನ್ನ ಅಪ್ಪನ ಹೃದಯವನ್ನು ಕೆಡಿಸಿದ್ದು ಆಲ್ಪ್ಸ್ ಪರ್ವತದ ಏರಲ್ಲ, ನಿಮ್ಮ ಸೌಜನ್ಯ. ನೀವು ಮೂವರೂ ವೈದ್ಯರು. ಒಂದು ವಸಂತವಿಡೀ ಅವರ ಜೊತೆಗೆ ಸೈಕಲ್ ತುಳಿದಿರಿ, ಅವರ ಡಬ್ಬಿಯಿಂದ ಉಂಡಿರಿ, ಅವರ ನೋವನ್ನು ಅವರ ಬಾಯಿಂದಲೇ ಕೇಳಿದಿರಿ. ಒಬ್ಬರೂ ಅವರ ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಲಿಲ್ಲ. ಇದನ್ನು ದುರದೃಷ್ಟವೆಂದು ಕರೆಯುವ ಅಧಿಕಾರ ನಿಮಗಿಲ್ಲ.

ನಮ್ಮ ಪರಿಚಯವಿಲ್ಲದ ಓದುಗರಿಗೆ ಒಂದಿಷ್ಟು ಹಿನ್ನೆಲೆ ಬೇಕಾದೀತು. ಅಪ್ಪ ಧಾರವಾಡದವರು, ಲಂಡನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು. ತೊಂಬತ್ತರ ದಶಕದ ಕೊನೆಗೆ, ಲಂಡನ್ನಿನ ಅಂಚಿನ ಎಜ್‌ವೇರ್‌ನ ನಮ್ಮ ಮನೆಯ ಮುಂದೆ, ಭಾನುವಾರದ ಸೈಕಲ್ ಸವಾರಿ ಶುರುವಾಯಿತು. ಅಪ್ಪನ ಜೊತೆಗೆ ಮೂವರು: ಮೈಸೂರಿನ ಹೃದಯವೈದ್ಯರು, ಅಪ್ಪನ ಕಾಲೇಜಿನ ಗೆಳೆಯರಾದ ಧಾರವಾಡದ ಮೂಳೆವೈದ್ಯರು, ಬೆಂಗಳೂರಿನ ಹೊಟ್ಟೆಯ ವೈದ್ಯರು. ಕಾರುಗಳ ನಡುವೆ ಸೈಕಲ್ ಬಿಡಲು ಯಾರಿಗೂ ಧೈರ್ಯವಿರಲಿಲ್ಲ. ಆದ್ದರಿಂದ ದಪ್ಪ ಟೈರಿನ ಸೈಕಲ್ ಕೊಂಡು, ಕಾಲುವೆಯ ದಂಡೆಯ ಜಲ್ಲಿ ದಾರಿ ಹಿಡಿದು, ರೇನರ್ಸ್ ಲೇನ್‌ನ ಆಚೆಗಿನ ಕಾಡಿನವರೆಗೆ ಹೋಗುತ್ತಿದ್ದರು. ವಿಶ್ವವಿದ್ಯಾಲಯದ ವರ್ಷಗಳಲ್ಲಿ ನಾನೂ ಸೇರಿಕೊಂಡೆ. ಟೈರಿನ ಕೆಳಗೆ ಜಲ್ಲಿ ಕರಕರ ಎನ್ನುವ ಸದ್ದು ಅಪ್ಪನಿಗೆ ಬಹಳ ಇಷ್ಟ. ವಾರವೆಲ್ಲ ಮಾತಾಡಲಾಗದ ಜನರೆದುರು ಕೂತು ಬಂದವರಿಗೆ, ತಾನಾಗಿ ಮಾತಾಡುವ ನೆಲ ಸಿಕ್ಕರೆ ಸುಖವಲ್ಲವೇ ಎನ್ನುತ್ತಿದ್ದರು.

ಈ ಬಳಗದಲ್ಲಿ ಒಂದು ಕಟ್ಟಳೆಯಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಮೈಯಲ್ಲಿ ಏನೇ ಆದರೂ ಊಟದ ಚಾಪೆಯ ಮೇಲೆ ಹೇಳಿಕೊಳ್ಳಬೇಕು. ಬಡಾವಣೆಯ ಸಾಮಾನ್ಯ ವೈದ್ಯರಾದ ಜಿ.ಪಿ. ಬಳಿಗೆ ಹೋಗುವುದೆಂದರೆ ನಮ್ಮವರ ವಿದ್ಯೆಯಲ್ಲಿ ನಂಬಿಕೆಯಿಲ್ಲ ಎಂದಂತೆ. ಹಾಗೆಯೇ, ಒಬ್ಬ ವೈದ್ಯರು ಮಾತಾಡಿದ ಅಂಗಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಅದು ಮರ್ಯಾದೆಯಲ್ಲ. ಇಪ್ಪತ್ತು ವರ್ಷ ಈ ದೇಶದ ವಾರ್ಡುಗಳಲ್ಲಿ ರೋಗಿಯ ಜವಾಬ್ದಾರಿಯನ್ನು ಅಷ್ಟು ಕಟ್ಟುನಿಟ್ಟಾಗಿ ಹೊತ್ತವರು, ಚಾಪೆಯ ಮೇಲೆ ಕೂತೊಡನೆ ಅದನ್ನು ಬೂಟಿನ ಜೊತೆ ಪಕ್ಕಕ್ಕಿಡುತ್ತಿದ್ದರು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆಗೆ ಆಲ್ಪ್ಸ್‌ಗೆ ಹೋಗುವುದೆಂದು ಗೊತ್ತಾಯಿತು. ಪರ್ವತದ ಕಾಡುಗಳ ನಡುವೆ, ಸರೋವರದಿಂದ ಸರೋವರಕ್ಕೆ, ಮರದ ದಿಮ್ಮಿ ಸಾಗಿಸುವ ಜಲ್ಲಿ ದಾರಿಗಳಲ್ಲಿ ಒಂದು ವಾರದ ಸವಾರಿ. ಅದಕ್ಕೆ ತಯಾರಾಗಲೆಂದು ಆ ವಸಂತದಲ್ಲಿ ಲಂಡನ್ನಿನ ಏರುಗಳನ್ನೆಲ್ಲ ಹುಡುಕಿ ಹುಡುಕಿ ಹತ್ತಿದೆವು. ಕಾಡಿನೊಳಗಿನ ಒಂದು ಏರಿನಲ್ಲಿ ಅಪ್ಪ ಇಳಿದು ಸೈಕಲ್ ತಳ್ಳಲು ತೊಡಗಿದ್ದು ನನ್ನ ಕಣ್ಣಿಗೆ ಬಿತ್ತು. ಊಟಕ್ಕೆ ಕೂತಾಗ ಅವರೇ ಹೇಳಿದರು.

"ಏರು ಬಂತಂದ್ರ ಎಡಗಡೆ ಭುಜ ಹಿಡದಂಗ ಆಗ್ತದ. ನಿಂತ್ರ ಹೋಗ್ತದ."

ನಿಂತರೆ ಹೋಗುತ್ತದೆ. ವೈದ್ಯಶಾಸ್ತ್ರ ಓದದ ನಾನು ಈಗ ಯಾವ ಪುಸ್ತಕ ತೆರೆದರೂ ಮೊದಲ ಪುಟದಲ್ಲೇ ಈ ಮಾತು ಸಿಗುತ್ತದೆ. ಅಂದು ಹೃದಯವೈದ್ಯರು ಚಿತ್ರಾನ್ನ ಕಲಸುತ್ತ ನಕ್ಕರು.

"ಭುಜಾನಾ? ಅದು ಮೂಳೆ ಸಾಹೇಬರ ಇಲಾಖೆ ಡಾಕ್ಟ್ರೇ. ನಾನು ಕೈ ಹಾಕಿದ್ರೆ ನಾಳೆಯಿಂದ ನನ್ನ ಹತ್ರ ಮಾತು ಬಿಡ್ತಾರೆ."

ಮೂಳೆವೈದ್ಯರು ಕೂತಲ್ಲಿಂದಲೇ ಆಜ್ಞೆ ಮಾಡಿದರು. "ಲೇ, ಕೈ ಮ್ಯಾಲೆತ್ತು. ತಿರಗಸು. ತಿರಗ್ತದಲ್ಲ, ಮತ್ತ? ಭುಜ ಕಬ್ಬಿಣ ಇದ್ದಂಗ ಅದ. ನೀ ಮಿರ್ಚಿ ಭಜಿ ತಿನ್ನೂದು ಬಿಡು ಮೊದಲ. ಇದು ಗ್ಯಾಸು."

"ಓಹೋ, ಗ್ಯಾಸ್ ಅಂತ ನನ್ನ ತಲೆಗೆ ಕಟ್ಟಿದ್ರಾ?" ಎಂದರು ಹೊಟ್ಟೆಯ ವೈದ್ಯರು. "ಮಾತ್ರೆ ಕೊಡ್ತೀನಿ ತಗೊಳ್ಳಿ ಸಾರ್. ಆದ್ರೆ ನಿಜ ಹೇಳ್ಲಾ? ಇದು ಬರೀ ಟೆನ್ಷನ್ನು. ಅದಕ್ಕೆ ಸ್ಪೆಷಲಿಸ್ಟ್ ನೀವೇ!"

"ಹಂಗಾರ ನನ್ನ ಪೇಶಂಟ್ ನಾನೇ ಆದೆ ಅನ್ರಿ" ಎಂದು ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಒಂದು ನೋವು ಚಾಪೆಯ ಸುತ್ತ ಒಂದು ಸುತ್ತು ಹಾಕಿ, ಎಲ್ಲಿಂದ ಹೊರಟಿತ್ತೋ ಅದೇ ಎದೆಗೆ ಮರಳಿತು. ಮನೆಗೆ ಬರುವಾಗ ನಾನು ಕೇಳಿಕೊಂಡೆ: "ಅಪ್ಪಾ, ಒಮ್ಮೆ ಜಿ.ಪಿ. ಕಡೆ ಹೋಗಿ ಬಾ."

"ಮೂರು ಮಂದಿ ನೋಡ್ಯಾರಲ್ಲ ಮಗಳಽ, ಇನ್ನ ಜಿ.ಪಿ. ಏನ್ ನೋಡ್ತಾನ? ಇವರಿಗೆ ಗೊತ್ತಾದ್ರ ಮನಸ್ಸಿಗೆ ಹಚ್ಚಿಕೋತಾರ."

ಯಾರೂ ನೋಡಿರಲಿಲ್ಲ. ಮೂವರು ಕೇಳಿದ್ದರು, ಅಷ್ಟೆ.

ಆಲ್ಪ್ಸ್‌ನ ಸೌಂದರ್ಯದ ಬಗ್ಗೆ ನಾನು ಸುಳ್ಳು ಹೇಳಲಾರೆ. ಸೂಜಿಯೆಲೆಯ ಮರಗಳು ಎಷ್ಟು ಎತ್ತರವೆಂದರೆ ದಾರಿಯ ಮೇಲೆ ಬಿಸಿಲು ಪಟ್ಟಿಪಟ್ಟಿಯಾಗಿ ಬೀಳುತ್ತಿತ್ತು. ಗಾಳಿಯಲ್ಲಿ ಮರದ ಅಂಟಿನ ವಾಸನೆ. ತಿರುವೊಂದು ಕಳೆದರೆ ಕಾಂಡಗಳ ಸಂದಿಯಲ್ಲಿ ಸರೋವರ, ಮಂಜುಗಡ್ಡೆ ಕರಗಿ ಬಂದ ನೀರಿನ ಹಾಲು ಬೆರೆಸಿದಂಥ ಹಸಿರು. ಅಪ್ಪ ಮೊದಲ ಸರೋವರದ ಬಳಿ ಕೈ ಅದ್ದಿ, ಚಿಕ್ಕ ಹುಡುಗನಂತೆ ಕೂಗಿದರು. ಎರಡನೆಯ ಸರೋವರಕ್ಕೆ ಏರುವಾಗ ಹಿಂದೆ ಬಿದ್ದರು. "ರೈಲಿನ ಕೊನೇ ಗಾರ್ಡ್ ಡಬ್ಬಿ ಇನ್ನೂ ಬಂದಿಲ್ಲ!" ಎಂದು ಮುಂದಿನಿಂದ ತಮಾಷೆ ಕೇಳಿಸಿತು. ಕೊನೆಗೂ ಬಂದರು. ಜೋಡಿಸಿಟ್ಟ ದಿಮ್ಮಿಗಳಿಗೆ ಸೈಕಲ್ಲನ್ನು ಒರಗಿಸಿ ನೆಲದ ಮೇಲೆ ಕೂತರು. ಚಳಿಗಾಳಿಯಲ್ಲಿ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಹೊಟ್ಟೆಯ ವೈದ್ಯರು ಜೇಬಿನಿಂದ ಮಾತ್ರೆ ತೆಗೆದುಕೊಟ್ಟರು.

ನಾನು ಹೃದಯವೈದ್ಯರ ಬಳಿಗೆ ಓಡಿದೆ. "ಅಂಕಲ್, ಅಪ್ಪ ಬೆವರ್ತಿದ್ದಾರೆ. ನೀವು ಸ್ವಲ್ಪ ನೋಡಿ."

"ಏರು ಹತ್ತಿದ್ದಾರೆ, ಬೆವರದೆ ಇರ್ತಾರೇನಮ್ಮ? ಹೊಟ್ಟೆ ಡಾಕ್ಟ್ರು ಆಗಲೇ ನೋಡ್ತಿದ್ದಾರಲ್ಲ. ಮಧ್ಯೆ ನಾನು ಹೋದ್ರೆ ಚೆನ್ನಾಗಿರಲ್ಲ."

ಅವರು ಸರೋವರದ ಫೋಟೋ ತೆಗೆಯಲು ತಿರುಗಿದರು. ಅಪ್ಪ ಪಕ್ಕಕ್ಕೆ ವಾಲಿದರು.

ಆಮೇಲೆ ನಡೆದದ್ದನ್ನು ಮರೆಮಾಚಿದರೆ ನಾನು ಅಪ್ರಾಮಾಣಿಕಳಾಗುತ್ತೇನೆ. ನೀವು ಮೂವರೂ ಒಂದೇ ಕ್ಷಣದಲ್ಲಿ ವೈದ್ಯರಾದಿರಿ. ಹೆಲಿಕಾಪ್ಟರ್ ಬರುವವರೆಗೆ ಸರದಿಯ ಮೇಲೆ ಅವರ ಎದೆಯನ್ನು ಒತ್ತಿದಿರಿ, ಮೊಣಕಾಲು ಜಲ್ಲಿಗೆ ತರಚಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಅಪ್ಪ ಬದುಕಿದ್ದು ನಿಮ್ಮಿಂದ. ಈ ಉಪಕಾರವನ್ನೇ ಮುಂದಿಟ್ಟು ನಮ್ಮ ಸಮಾಜ ಇಂದಿಗೂ ನನ್ನ ಬಾಯಿ ಮುಚ್ಚಿಸುತ್ತದೆ. ಆದರೆ ಆ ದಿನ ನಿಮ್ಮ ಕೈಗಳಿಗೆ ಇದ್ದ ಶಕ್ತಿ ವಸಂತದಲ್ಲೂ ಇತ್ತು.

ಲಂಡನ್ನಿಗೆ ಮರಳಿದ ಮೇಲೆ ಆಸ್ಪತ್ರೆಯ ಕಿರಿಯ ವೈದ್ಯೆಯೊಬ್ಬರು ಅಮ್ಮನಿಗೆ ಚಿತ್ರ ತೋರಿಸಿ ವಿವರಿಸಿದರು. ಹೃದಯದ ಸ್ನಾಯು ಒಂದೇ ದಿನದಲ್ಲಿ ಸತ್ತದ್ದಲ್ಲ, ತಿಂಗಳುಗಳಿಂದ ಕೆಡುತ್ತ ಬಂದಿತ್ತು. ಮೊದಲೇ ಬಂದಿದ್ದರೆ ರಕ್ತನಾಳ ಬಿಡಿಸಬಹುದಿತ್ತು. ಈಗ ಶಸ್ತ್ರಕ್ರಿಯೆಯನ್ನು ತಾಳುವ ಶಕ್ತಿ ಇಲ್ಲ. "ಇಷ್ಟು ದಿನ ಇವರನ್ನು ಯಾರು ನೋಡುತ್ತಿದ್ದರು?" ಎಂದು ಆಕೆ ಕೇಳಿದರು. "ಇವರ ಸ್ನೇಹಿತರೆಲ್ಲ ಡಾಕ್ಟರುಗಳೇ" ಎಂದರು ಅಮ್ಮ.

ಈಗ ಅಪ್ಪನ ಹಾಸಿಗೆ ಕೆಳಗಿನ ಮುಂದಿನ ಕೋಣೆಯಲ್ಲಿದೆ, ಮಹಡಿಯ ಮೆಟ್ಟಿಲು ಅವರಿಗೆ ಆಗದು. ಕಾಲುಗಳು ಊದಿಕೊಳ್ಳುತ್ತವೆ. ಎರಡು ವಾಕ್ಯದ ನಡುವೆ ಉಸಿರಿಗಾಗಿ ಕಾಯುತ್ತಾರೆ. ಇದು ಸುಧಾರಿಸುವುದಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತು. ನೀವು ಹಣ್ಣು ಹಿಡಿದು ಬರುತ್ತೀರಿ, ಕೌನ್ಸಿಲ್ಲಿನ ಪಾರ್ಕಿಂಗ್ ಕಾಟದ ಬಗ್ಗೆ ಮಾತಾಡುತ್ತೀರಿ. ಹೊರಡುವಾಗ ಬಾಗಿಲ ಬಳಿ, ಒಬ್ಬೊಬ್ಬರೇ ಬಂದಾಗ, ಒಬ್ಬೊಬ್ಬರೂ ಅಮ್ಮನಿಗೆ ಅದೇ ಮಾತು ಪಿಸುಗುಟ್ಟಿದ್ದೀರಿ: ಉಳಿದವರು ನೋಡಿದ್ದಾರೆ ಅಂದುಕೊಂಡಿದ್ದೆ. ಮೂವರು ಒಟ್ಟಿಗೆ ಬಂದಾಗ ಮಾತ್ರ ಆ ಮಾತನ್ನು ಯಾರೂ ಆಡುವುದಿಲ್ಲ.

ಅಪ್ಪನೂ ವೈದ್ಯರೇ ತಾನೆ, ಅವರೇ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೌದು, ಹೋಗಬಹುದಿತ್ತು. ಅವರು ಹೋಗದೆ ಉಳಿದದ್ದು ನಿಮಗೆ ಬೇಸರವಾಗಬಾರದೆಂದು. ಅದಕ್ಕೆ ತೆರಬೇಕಾದದ್ದನ್ನು ಅವರು ತೆತ್ತಾಗಿದೆ. ನಿಮ್ಮ ಪಾಲು ಯಾವುದು?

ಲಂಡನ್ನಿನ ನಮ್ಮ ಕನ್ನಡ ಸಂಘದ ಕಳೆದ ಯುಗಾದಿಯ ಊಟದಲ್ಲಿ, ಎಲೆಯ ಮುಂದೆ, ಗೃಹಿಣಿಯೊಬ್ಬರು ತಲೆ ಸುತ್ತುತ್ತದೆ ಎಂದಾಗ ನಿಮ್ಮಲ್ಲೊಬ್ಬರು ಥೈರಾಯ್ಡ್ ಎಂದಿರಿ, ಇನ್ನೊಬ್ಬರು ನಿದ್ದೆ ಸಾಲದು ಎಂದಿರಿ. ಎಲ್ಲರೂ ನಕ್ಕರು. ಆಕೆ ಸಮಾಧಾನಗೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಅಪ್ಪನ ವಿಷಯದಲ್ಲಿ ಮಾಡುವುದಕ್ಕೆ ಇನ್ನೇನೂ ಉಳಿದಿಲ್ಲ. ಆಕೆಯ ವಿಷಯದಲ್ಲಿ ಉಳಿದಿದೆ.

ಆದ್ದರಿಂದ ಮೂವರು ವೈದ್ಯರಲ್ಲಿಯೂ, ಅವರು ಹಿರಿಯರಾಗಿರುವ ನಮ್ಮ ಸಂಘದಲ್ಲಿಯೂ ಈ ಮೂಲಕ ವಿನಂತಿಸುತ್ತೇನೆ. ಆ ವಸಂತದಲ್ಲಿ ನನ್ನ ತಂದೆ ಯಾರ ರೋಗಿಯಾಗಿದ್ದರೆಂಬುದಕ್ಕೆ ಮೂವರೂ ಒಟ್ಟಿಗೆ ಬಂದು, ಅವರ ಹಾಸಿಗೆಯ ಪಕ್ಕದಲ್ಲಿ, ಅವರು ಕೇಳಿಸಿಕೊಳ್ಳಬಲ್ಲ ಸ್ಥಿತಿಯಲ್ಲಿರುವಾಗಲೇ ಉತ್ತರ ಕೊಡಬೇಕು. ನಮ್ಮ ಸಭೆ, ಸವಾರಿ, ಊಟಗಳಲ್ಲಿ ಸದಸ್ಯ ವೈದ್ಯರು ಪರೀಕ್ಷಿಸದೆ ರೋಗದ ಹೆಸರು ಹೇಳುವುದನ್ನು ಸಂಘವು ನಿಷೇಧಿಸಬೇಕು. ನೋವು ಹೇಳಿಕೊಂಡವರ ಮಾತನ್ನು ಮೊದಲು ಕೇಳಿದ ವೈದ್ಯರೇ ಅವರನ್ನು ಜಿ.ಪಿ. ಬಳಿಗೆ ಕರೆದೊಯ್ಯುವ ಹೊಣೆ ಹೊರಬೇಕು. ಉತ್ತರ ಬರುವುದೆಂಬ ಭರವಸೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ: ದಯವಿಟ್ಟು ಉತ್ತರಿಸಿ, ಮತ್ತು ಆ ಗೃಹಿಣಿಯನ್ನು ಈ ವಾರವೇ ಪರೀಕ್ಷೆಗೆ ಕರೆದೊಯ್ಯಿರಿ.