ಸುತ್ತಿಟ್ಟ ಹಳೇ ಪೈಪು

ನಮ್ಮ ಅತ್ತೆಯ ಲೆಕ್ಕದಲ್ಲಿ ಈ ಲೋಕದ ಯಾವ ಕಷ್ಟಕ್ಕೂ ಒಂದಿಷ್ಟು ಸಿಮೆಂಟ್ ಮೆತ್ತಿದರೆ ಪರಿಹಾರವಿದೆ. ಹಿರಿಯೂರಿನ ನಮ್ಮ ಮನೆಯ ಹಿಂದಿನ ಗೋಡೆಗುಂಟ, ಮಹಡಿಯ ಬಚ್ಚಲಿನಿಂದ ಕೆಳಗಿನ ಚರಂಡಿಯವರೆಗೆ ಇಳಿದಿದ್ದ ಬೂದು ಬಣ್ಣದ ದಪ್ಪ ಪೈಪು ಕಳೆದ ಮಳೆಗಾಲದಲ್ಲಿ ಬಿರುಕು ಬಿಟ್ಟಾಗಲೂ ಅವರು ಹೇಳಿದ್ದು ಅದನ್ನೇ. ಮೆತ್ತಿದೆವು. ಸ್ವಲ್ಪ ದಿನಕ್ಕೇ ಮತ್ತೆ ಬಾಯಿ ಬಿಟ್ಟಿತು. ಬಚ್ಚಲ ನೀರು ಗೋಡೆಯೊಳಗೆ ಇಳಿದು, ಅಡುಗೆಮನೆಯ ಸುಣ್ಣ ಎದ್ದು ಸಾರಿನ ಪಾತ್ರೆಗೆ ಉದುರತೊಡಗಿದಾಗ ಅತ್ತೆಯೂ ಸೋತರು. ಮಾವನವರ ಕಾಲದ ಆ ಪೈಪನ್ನು ತೆಗೆಸಿ ಹೊಸ ಪ್ಲಾಸ್ಟಿಕ್ ಪೈಪು ಹಾಕಿಸುವುದೆಂದು ಆಯಿತು.

ಪ್ಲಂಬರ್ ಬಂದವನೇ ಚೀಲದಿಂದ ಕಟಿಂಗ್ ಮಷೀನು ತೆಗೆದು, "ಪ್ಲಗ್ ಎಲ್ಲೈತೆ ಅಕ್ಕಾರೆ? ಅರ್ಧ ಗಂಟೇಲಿ ತುಂಡು ತುಂಡು ಮಾಡಿ ಕೆಡವ್ತೀನಿ" ಎಂದ. ನಾನು ಅವನ ಕೈಯಿಂದ ವೈರು ಕಿತ್ತುಕೊಂಡೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನನ್ನ ಹೊಲಿಗೆ ಅಂಗಡಿಗೆ ಬರುವವರೆಲ್ಲ ಬಲ್ಲರು. ಆವತ್ತಿನ ಸಿಟ್ಟಿನ ಹಿಂದೆ ದೊಡ್ಡ ಭಯವಿತ್ತು.

ನಮ್ಮಣ್ಣ ಎಷ್ಟೋ ವರ್ಷ ಕೋಳಿ ಫಾರಂಗಳಿಗೆ ಸಿಮೆಂಟ್ ಶೀಟು ಹೊದಿಸುವ ಕೆಲಸ ಮಾಡಿದವನು. ಶೀಟುಗಳನ್ನು ಅಳತೆಗೆ ಕೊರೆದು, ಮೈಮೇಲಿನ ಧೂಳು ಕೊಡವಿ ಊಟಕ್ಕೆ ಕೂರುತ್ತಿದ್ದ. ಈಗ ಬೀದಿ ನಲ್ಲಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಅವರಿವರ ಜಗಲಿಯ ಮೇಲೆ ಕೂತು ಕೂತು ಬರುತ್ತಾನೆ. ದಾವಣಗೆರೆಯ ಡಾಕ್ಟರು ಅವನ ಕಾಯಿಲೆಗಿಂತ ಮೊದಲು ಅವನ ಕಸುಬು ವಿಚಾರಿಸಿದರು. ಹಳೇ ಶೀಟು, ಹಳೇ ಚರಂಡಿ ಪೈಪುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು, ಅದರ ಎಳೆ ಕೂದಲಿಗಿಂತ ಸಣ್ಣದು, ಎದೆಗೆ ಇಳಿದರೆ ಹೊರಬರುವುದಿಲ್ಲ, ರೋಗ ತೋರುವುದು ಎಷ್ಟೋ ವರ್ಷದ ಮೇಲೆ ಎಂದರು. "ಸುಮ್ಮನೆ ಇದ್ದ ಜಾಗದಲ್ಲಿದ್ದರೆ ಅಷ್ಟು ತೊಂದರೆಯಿಲ್ಲಮ್ಮ. ಕೊರೆದಾಗ, ಒಡೆದಾಗ, ಉಜ್ಜಿದಾಗ ಏಳುವ ಧೂಳು ಕೆಟ್ಟದ್ದು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಇದೆ ಅಂತಲೇ ತಿಳಿದು ಮುಟ್ಟಬೇಕು" ಎಂದಿದ್ದರು.

ಹಾಗಾಗಿ ಆ ಪ್ಲಂಬರ್ ನನ್ನ ಕೈಯಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೂಗಿಗೆ ಟವಲು ಸಾಲದೆಂದು ಸಣ್ಣ ಧೂಳನ್ನೂ ತಡೆಯುವ ಒಳ್ಳೆಯ ಮಾಸ್ಕ್ ತರಿಸಿ ಹಾಕಿಸಿದೆ. ಕಿಟಕಿಗಳನ್ನು ಮುಚ್ಚಿ ಅತ್ತೆಯನ್ನು ಪಕ್ಕದ ಮನೆಗೆ ಕಳಿಸಿದೆ. ಅವನು ಸೋಪಿನ ನೀರಲ್ಲಿ ಪೈಪನ್ನು ಮೇಲಿಂದ ಕೆಳಗೆ ತೋಯಿಸಿ, ಮಷೀನು ಸುತ್ತಿಗೆ ಎರಡನ್ನೂ ಮುಟ್ಟದೆ, ಗೋಡೆಯ ಹಿಡಿಕೆಗಳನ್ನು ಸಡಿಲಿಸಿ, ಒಂದೊಂದು ಪೈಪನ್ನೂ ಸಂದಿಯಲ್ಲಿ ಮೆಲ್ಲಗೆ ಬಿಡಿಸಿ ಇಡಿಯಾಗಿ ಹಗ್ಗದಲ್ಲಿ ಇಳಿಸಿದ. ಬಿದ್ದ ಚೂರುಗಳಿಗೆ ಪೊರಕೆ ಹಾಕಲು ಬಿಡದೆ ಒದ್ದೆ ಬಟ್ಟೆಯಲ್ಲಿ ಎತ್ತಿಸಿದೆ. ಆ ಬಟ್ಟೆಯನ್ನೂ ಪೈಪಿನ ಜೊತೆಗೇ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ತುದಿಗಳಿಗೆ ಟೇಪು ಹಚ್ಚಿದೆವು. ಅರ್ಧ ಗಂಟೆಯ ಕೆಲಸ ಇಡೀ ಹಗಲು ತಿಂದಿತು.

"ಅಕ್ಕಾರೆ, ಇದು ಪೈಪೋ, ಬೀಗರ ಮನೆಗೆ ಕಳಿಸೋ ಉಡುಗೊರೆಯೋ?" ಎಂದ ಅವನು, ಬೆವರು ಒರೆಸಿಕೊಳ್ಳುತ್ತ. ನನಗೂ ನಗು ಬಂತು. ಬೀದಿಯ ಕಸದ ಗಾಡಿಗೆ ಅದನ್ನು ಹಾಕುವಂತಿಲ್ಲ. ಅಪಾಯದ ಕಸ ಒಯ್ಯುವವರಿಗೆ ಫೋನು ಮಾಡಿದ್ದೆ. ಅವರು ಬರುವವರೆಗೆ ಹಿತ್ತಲ ಮೂಲೆಯಲ್ಲಿ ಇರಲಿ ಎಂದು ಒರಗಿಸಿದೆ.

ಆದರೆ ಅತ್ತೆ ಮೊದಲೇ ಒಂದು ಮಾತು ಕೊಟ್ಟು ಕೂತಿದ್ದರು. ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆಯವರೊಬ್ಬರು ಪ್ರತಿ ಬೇಸಿಗೆ ಬಬ್ಬೂರಿನ ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಕುರಿಯ ಹಿಕ್ಕೆ ನಮ್ಮ ಹೊಲಕ್ಕೆ ಗೊಬ್ಬರ, ನಮ್ಮ ಕಣದ ರಾಗಿ ಅವರ ಮನೆಗೆ. ಆ ಮನೆಯ ಯಜಮಾನಿಯನ್ನು ನಾನು ಮಂದೆಯಕ್ಕ ಎನ್ನುತ್ತೇನೆ, ಅವಳು ನನ್ನನ್ನು ತಂಗಿ ಎನ್ನುತ್ತಾಳೆ. ನನ್ನ ಬಾಣಂತನಕ್ಕೆ ಕಂಬಳಿ ತಂದುಕೊಟ್ಟವಳು ಅವಳು. ಪೈಪನ್ನು ಉದ್ದಕ್ಕೆ ಸೀಳಿದರೆ ಕುರಿಗೆ ನೀರು ಕುಡಿಸುವ ಬಾನಿಯಾಗುತ್ತದೆಂದು ಕೇಳಿದ್ದಳು, ಅತ್ತೆ ಆಗಲಿ ಎಂದಿದ್ದರು. ನಮ್ಮ ಕಡೆ ಹಳೆಯದು ಯಾವುದೂ ಕಸವಾಗುವುದಿಲ್ಲ, ಕೀಳುವ ಮೊದಲೇ ಅದಕ್ಕೊಬ್ಬ ವಾರಸುದಾರ ಇರುತ್ತಾನೆ.

ಕೊಡಬೇಡಿ, ಕಾರಣ ಬಿಡಿಸಿ ಹೇಳಿ ಎಂದು ಅತ್ತೆಗೆ ಹೇಳಿದ್ದೆ. ಅವರು ತಲೆಯಾಡಿಸಿದ್ದರು. ಇಷ್ಟು ವರ್ಷವಾದರೂ ಅವರು ತಲೆಯಾಡಿಸುವುದನ್ನು ನಂಬುತ್ತೇನಲ್ಲ, ನನಗೆ ಬುದ್ಧಿ ಯಾವಾಗ ಬರುವುದೋ. ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಅಂಗಡಿಯಿಂದ ಬಂದರೆ ಹಿತ್ತಲ ಮೂಲೆ ಖಾಲಿ.

"ಕೊಟ್ಟೆ ಕಣವ್ವ. ಲಗೇಜ್ ಆಟೋ ತಗಂಡು ಬಂದಿದ್ರು" ಎಂದರು ಅತ್ತೆ, ಅಕ್ಕಿ ಆರಿಸುವ ಮೊರದಿಂದ ಕಣ್ಣೆತ್ತದೆ.

"ಕಾರಣ ಹೇಳಿದ್ರಾ?"

"ಬಾಗಿಲಿಗೆ ಬಂದೋರ ಮುಂದೆ ಎದೆ ರೋಗ, ಸಾವು ಅಂತ ಬಾಯಿ ಬಿಡ್ಲಾ? ಮಾತು ಕೊಟ್ಟಿದ್ದೆ, ಕೊಟ್ಟೆ. ನೀನೂ ಅಷ್ಟು ಚೆಂದಾಗಿ ಸುತ್ತಿಟ್ಟಿದ್ಯಲ್ಲ, ನಮಗೇ ಅಂತ ತಿಳ್ಕಂಡ್ರು."

ಅತ್ತೆಯ ಮೇಲೆ ಕೂಗಾಡಲು ಹೊತ್ತಿರಲಿಲ್ಲ. ಅನ್ನ ಮುಟ್ಟದೆ ಸ್ಕೂಟಿ ತಿರುಗಿಸಿದೆ. ಮಂದೆಯಕ್ಕನ ಫೋನು ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅಷ್ಟು ಎಚ್ಚರದಿಂದ ಇಡಿಯಾಗಿ ಇಳಿಸಿದ ಪೈಪು, ನನಗೆ ಕಂಬಳಿ ಕೊಟ್ಟವಳ ಅಂಗಳದಲ್ಲಿ ಹಿಟ್ಟಾಗುತ್ತಿರಬಹುದು ಎಂದು ಯೋಚಿಸುತ್ತ ಸ್ಕೂಟಿಯನ್ನು ಇನ್ನಷ್ಟು ಜೋರಾಗಿ ಓಡಿಸಿದೆ. ದಾರಿಯುದ್ದಕ್ಕೂ ಅತ್ತೆಯನ್ನು ಬೈದೆ, ಆಮೇಲೆ ಉಡುಗೊರೆಯ ಹಾಗೆ ಸುತ್ತಿದ ನನ್ನ ಕೈಯನ್ನೂ ಬೈದೆ.

ಅಂಗಳದಲ್ಲಿ ಪ್ಲಾಸ್ಟಿಕ್ ಬಿಚ್ಚಿಯಾಗಿತ್ತು. ಪೈಪಿನ ಮೇಲೆ ಉದ್ದಕ್ಕೆ ಸೀಮೆಸುಣ್ಣದ ಗೆರೆ. ಮಂದೆಯಕ್ಕನ ಮಗ ಎಲ್ಲಿಂದಲೋ ಎರವಲು ತಂದ ಮಷೀನು ಹಿಡಿದು ಮಂಡಿಯೂರುತ್ತಿದ್ದ. "ಲೇ, ಇಳಿಸೋ ಕೆಳಗೆ!" ಎಂದು ಸ್ಕೂಟಿಯ ಮೇಲಿಂದಲೇ ಕಿರುಚಿದೆ. ಅವನು ಬೆಚ್ಚಿ ಮಷೀನು ಇಳಿಸಿದ.

"ಯಾಕ್ ತಂಗಿ, ಏನಾತು? ಬಾ, ಕುಂತ್ಕ" ಎಂದಳು ಮಂದೆಯಕ್ಕ. ಅವಳ ಮುಖ ಸಪ್ಪಗಾಗಿತ್ತು. ಕೊಟ್ಟದ್ದನ್ನು ವಾಪಸು ಕೇಳಲು ಬಂದೆ ಎಂದುಕೊಂಡಿದ್ದಳು. ಕಸ ಕಣಕ್ಕ, ಕೆಟ್ಟ ಕಸ ಎಂದೆ. "ಕಸಾನ ಯಾರಾದ್ರೂ ಹಿಂಗೆ ಸುತ್ತಿ ಇಡ್ತಾರಾ?" ಎಂದು ಅವಳು ಕೇಳಿದಳು.

ಆಗ ಎಲ್ಲ ಬಿಡಿಸಿ ಹೇಳಿದೆ. ಕಲ್ನಾರಿನ ಮಾತು, ಡಾಕ್ಟರ ಮಾತು, ನೀರಿನ ಕೊಡ ಹಿಡಿದು ಜಗಲಿ ಜಗಲಿಗೆ ಕೂರುವ ನಮ್ಮಣ್ಣ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಮಗ ಮಷೀನು ಎತ್ತಿಕೊಂಡು ದೂರ ಸರಿದ. ನಾನು ಪೈಪಿಗೆ ನೀರು ಚಿಮುಕಿಸಿ, ಮತ್ತೆ ಸುತ್ತಿ ಕಟ್ಟಿ, ಕಸ ಒಯ್ಯುವವರನ್ನು ಇಲ್ಲಿಗೇ ಕಳಿಸುವುದಾಗಿ ಹೇಳಿದೆ. ಅತ್ತೆಯ ಮಾತು ಸುಳ್ಳಾಗಬಾರದೆಂದು, ನಮ್ಮ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಎರಡು ಹೋಳು ಮಾಡಿಸಿ ಕಳಿಸುತ್ತೇನೆ ಎಂದೆ.

ಮಂದೆಯಕ್ಕ ಡ್ರಮ್ಮಿನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳು ಕುರಿರೊಪ್ಪದ ಕಡೆ ನೋಡುತ್ತಿದ್ದಳು. ಅಲ್ಲಿ ಅಂಥದೇ ಬೂದು ಬಣ್ಣದ ಎರಡು ಬಾನಿಗಳಲ್ಲಿ ಮರಿಗಳು ನೀರು ಕುಡಿಯುತ್ತಿದ್ದವು.

"ಹೋದ ವರ್ಷ ಅವೆರಡನ್ನ ಇವನೇ ಕೊರೆದಿದ್ದು" ಎಂದಳು. "ಬರೀ ಮೂಗಲ್ಲಿ. ಮೈಯೆಲ್ಲ ಹಿಟ್ಟು ಮೆತ್ಕಂಡು ಗಿರಣಿಯೋನಂಗೆ ಕಾಣ್ತಿದ್ದ, ನಾವೆಲ್ಲ ನಕ್ಕಿದ್ವಿ. ಇವನಿಗೆ ಏನೂ ಆಗಲ್ಲ ಅಲ್ವಾ ತಂಗಿ?"

ಒಂದು ದಿನದ ಧೂಳಿಗೂ ಅಣ್ಣ ಕುಡಿದ ಅಷ್ಟು ವರ್ಷದ ಧೂಳಿಗೂ ಬಹಳ ಅಂತರವಿದೆ ಎಂದು ಡಾಕ್ಟರೇ ಹೇಳಿದ್ದರು. ಅದನ್ನೇ ಹೇಳಿದೆ. "ಒಂದು ದಿನದ್ದಕ್ಕೆ ಅಷ್ಟು ಹೆದರಬ್ಯಾಡಕ್ಕ. ಇನ್ಮ್ಯಾಲೆ ಕೊರೆಯೋದು ಬ್ಯಾಡ, ಆ ಬಾನಿ ಉಜ್ಜೋದೂ ಬ್ಯಾಡ." ಖಂಡಿತ ಏನೂ ಆಗಲ್ಲ ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಅವಳು ಕಾಯುತ್ತಿದ್ದದ್ದು ಆ ಮಾತಿಗೇ.

ಅವಳು ಎದ್ದಳು. ಒಲೆಯ ಮೇಲಿದ್ದ ಬಿಸಿನೀರನ್ನು ಬಕೆಟ್ಟಿಗೆ ಸುರಿದು, ಎರಡು ಮಕ್ಕಳ ತಂದೆಯಾದ ಆ ಮೀಸೆ ಮಗನನ್ನು ರಟ್ಟೆ ಹಿಡಿದು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. "ಹೋದ ವರ್ಷದ ಧೂಳಿಗೆ ಈಗ ಸ್ನಾನ ಏನವ್ವ?" ಎಂದು ಅವನು ನಕ್ಕ. ಹೆಂಡತಿ ನೋಡುತ್ತಿದ್ದಾಳೆಂದು ನಾಚಿದ. "ಸುಮ್ಕಿರಲೇ" ಎಂದು ಗದರಿ, ಅವಳು ತಲೆ, ಬೆನ್ನು, ಎದೆ ಎಂದು ಸೋಪು ಹಚ್ಚಿ ತಿಕ್ಕಿದಳು. ಎದೆಯನ್ನು ಮತ್ತೆ ಮತ್ತೆ ತಿಕ್ಕಿದಳು.

ನೀರು ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದು ನಾನು ಹೇಳಲಿಲ್ಲ. ಚೊಂಬು ತೆಗೆದುಕೊಂಡು ನೀರು ಹುಯ್ದೆ.