ಹೊಂಗೆಕಾಯಿಯ ಬೀದಿ

ಅಗ್ರಹಾರದ ನಮ್ಮ ಮನೆ ಮುಂದೆ ರಂಗೋಲಿಯ ಎಳೆ ಒಂದಿಷ್ಟು ವಾಲಿದರೂ ಅಮ್ಮ ಅಳಿಸಿ ಮತ್ತೆ ಹಾಕಿಸುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಸರಸ್ವತಿಪುರಂನ ಪುಟ್ಟ ಶಿಶುವಿಹಾರದಲ್ಲಿ ಟೀಚರಾದ ಮೇಲೂ ಸೊಟ್ಟಗಿದ್ದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ.

ಆ ವರ್ಷ ಹಿನಕಲ್‌ನಿಂದ ಬರುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳಂತೆ. ನಮ್ಮ ಬಾಗಿಲು ದಾಟಿದರೆ ಮೌನ. ಬೆಳಿಗ್ಗೆ ಮಕ್ಕಳನ್ನು ಅಂಗಳದ ಹೊಂಗೆ ಮರದ ಕೆಳಗೆ ಬಿಟ್ಟು, ಆಯ್ದುಕೊಂಡದ್ದರಲ್ಲಿ ಇಷ್ಟ ಬಂದದ್ದು ಮಾಡಿ ಎನ್ನುತ್ತಿದ್ದೆ. ದೊಡ್ಡವರು ಕೈ ಹಾಕಬಾರದೆಂಬ ನಿಯಮ ನನ್ನದೇ. ಆ ಹೊತ್ತಿನಲ್ಲಿ ಮಾತ್ರ ಅವಳ ಮುಖ ಗೆಲುವಾಗುತ್ತಿತ್ತು. ಒಂದು ದಿನ ಒಣಗಿದ ಹೊಂಗೆಕಾಯಿ, ಎಲೆ, ಕಲ್ಲುಗಳನ್ನು ತರಗತಿಯ ನೆಲದ ಉದ್ದಕ್ಕೂ ಜೋಡಿಸಿದಳು.

ಮಧ್ಯಾಹ್ನ ತಂದೆತಾಯಂದಿರು ನೋಡಲು ಬರುವವರಿದ್ದರು. ಮಕ್ಕಳು ಊಟಕ್ಕೆ ಕೂತಾಗ ನಾನು ಚುಕ್ಕಿ ಎಣಿಸುವವಳ ಹಾಗೆ ಬಗ್ಗಿ, ಅವಳ ಕಾಯಿಗಳನ್ನೆಲ್ಲ ಎರಡೂ ಕಡೆ ಸಮ ಮಾಡಿದೆ. ನಡುವೆ ಒಂದು ದಾಸವಾಳ ಬೇರೆ! ಬಂದವರೆಲ್ಲ ಎಷ್ಟು ಚೆನ್ನಾಗಿದೆ ಎಂದರು. ಅವಳು ನೋಡಿದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ವಾರವಾದರೂ ಒಂದು ಎಲೆಯನ್ನೂ ಮುಟ್ಟಲಿಲ್ಲ. ಆ ಮಗುವಿಗಿದ್ದ ಒಂದೇ ದಾರಿಯನ್ನು ನಾನೇ ಮುಚ್ಚಿಬಿಟ್ಟೆನೆಂದು ಹೆದರಿದೆ.

"ಅದು ಅವ್ಳ ಬೀದಿ ಕಣ್ರೀ ಮಿಸ್," ಎಂದರು ನಮ್ಮ ಆಯಾ, ಗುಡಿಸುವುದನ್ನು ನಿಲ್ಲಿಸಿ. "ಬೆರಳಲ್ಲೇ ನಡ್ಕೊಂಡೋಗಿ ಒಂದೊಂದು ಕಾಯಿ ಹತ್ರನೂ ಬಾಗ್ಲು ತಟ್ತಿದ್ಲು. ನೀವು ರಂಗೋಲಿ ಮಾಡ್ಬುಟ್ರಿ."

ನಾಚಿಕೆಯಾಯಿತು. ಹಾಗೆ ಮುಖಕ್ಕೆ ಹೇಳಿದ್ದಕ್ಕೆ ಆಯಾಗೆ ಎಷ್ಟು ಕೈಮುಗಿದರೂ ಸಾಲದು.

ಮರುದಿನ ಹುಡುಗಿಯ ಪಕ್ಕ ನೆಲದ ಮೇಲೆ ಕೂತೆ. "ನಿನ್ ಬೀದೀನ ನಾನು ಕೆಡಿಸ್ಬುಟ್ಟೆ ಕಣಮ್ಮ, ತಪ್ಪಾಯ್ತು," ಎಂದೆ. ಅವಳು ಜೋಡಿಸಿದ್ದನ್ನು ನೆನಪು ಮಾಡಿಕೊಂಡು ನಾನೇ ಒಂದೊಂದಾಗಿ ಕಾಯಿ ಇಡತೊಡಗಿದೆ. ನಾಲ್ಕನೆಯದನ್ನು ಇಡುವಾಗ ಪುಟ್ಟ ಕೈಯೊಂದು ನನ್ನ ಮಣಿಕಟ್ಟು ಹಿಡಿಯಿತು. ಆ ಹಿಡಿತಕ್ಕೆ ನಾನು ಇವತ್ತಿಗೂ ಋಣಿ. ನೊಂದ ಮಗು ಮುನಿಸು ಬಿಟ್ಟು ನನಗೆ ಕಲಿಸಲು ಬಂದಿತ್ತು. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ಅಲ್ಲಿ ಬೇಡ ಮಿಸ್," ಎಂದಳು. "ಅಲ್ಲಿ ನಾಯಿ ಮಲ್ಗಿದೆ."

ನಾಯಿಗೆ ಎಚ್ಚರವಾಗದ ಹಾಗೆ ಕಾಯಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟೆ.