ಭಿವಂಡಿಯಲ್ಲಿ ನೇಯ್ದ ಇಳಕಲ್ ಸೀರೆ

ಮದುವೆಯಾದ ಕೆಲವೇ ದಿನಕ್ಕೆ ಗಂಡ ನನ್ನನ್ನು ಬಾಗಲಕೋಟೆಯಲ್ಲಿ ರೈಲು ಹತ್ತಿಸಿಕೊಂಡು ಹೋದ. ಅವನು ಹುನಗುಂದದವನು, ಭಿವಂಡಿಯಲ್ಲಿ ಪವರ್‌ಲೂಮ್ ಫಿಟ್ಟರ್. ನನ್ನನ್ನು ನೋಡಲು ಬಂದಾಗ ಅವನ ಮನೆಯವರು "ಹುಡುಗ ಮುಂಬೈನಾಗ ಅದಾನ" ಎಂದಷ್ಟೇ ಹೇಳಿದ್ದರು. ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಒತ್ತಿಕೊಂಡು ಕುಳಿತಾಗ ಕೇಳಿದೆ, "ಮುಂಬೈ ಎಲ್ಲೈತ್ರಿ?"

ಅವನು ಎತ್ತಲೋ ಕೈ ಬೀಸಿದ. "ಆ ಕಡೆ. ಇದು ಅದರ ಹಿತ್ತಲ."

ಖರೆ ಹೇಳಿದ್ದ. ಮುಂಬೈಗೆ ತನ್ನೊಳಗೆ ಬೇಡವಾದದ್ದೆಲ್ಲ ಭಿವಂಡಿಗೆ ಬಂದು ಬಿದ್ದಿತ್ತು. ಬಣ್ಣದ ನೀರು ಗಟಾರದಲ್ಲಿ ಒಂದು ದಿನ ನೀಲಿ, ಒಂದು ದಿನ ಕೆಂಪು ಹರಿಯುತ್ತಿತ್ತು. ಗೋಡೆಗೆ ಗೋಡೆ ಹತ್ತಿದ ತಗಡಿನ ಶೆಡ್ಡುಗಳಲ್ಲಿ ಮಗ್ಗಗಳು ಹಗಲುರಾತ್ರಿ ಬಡಿದುಕೊಳ್ಳುತ್ತಿದ್ದವು. ಹತ್ತಿಯ ಧೂಳು ಅನ್ನದ ಮೇಲೂ ಕೂರುತ್ತಿತ್ತು. ನಮ್ಮ ಓಣಿಯಲ್ಲಿ ಜೌನ್‌ಪುರದವರು, ಕರೀಂನಗರದವರು, ನಾವು. "ನಿಮ್ಮೂರು ಯಾವುದು?" ಎಂದರೆ ಅಲ್ಲೇ ಹುಟ್ಟಿದ ಮಕ್ಕಳೂ ಬೇರೆ ಊರಿನ ಹೆಸರು ಹೇಳುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದ ಗಂಡನ ಕಿವಿಗೆ ಬಾಯಿ ಹಚ್ಚಿ ಮಾತಾಡಬೇಕಿತ್ತು. ಬರಬರುತ್ತ ಹಗಲೂ ಹಾಗೇ ಆಯಿತು. ಒಂದು ಕಿವಿ ಪೂರಾ ಹೋಯಿತು. ಮಾಲೀಕ "ಮಗ್ಗದ ಸದ್ದಿಗೆ ಕಿವಿ ಯಾಕೆ ಬೇಕು, ಕಣ್ಣಿದ್ದರೆ ಸಾಕು" ಎಂದು ನಕ್ಕನಂತೆ. ಗಂಡನೂ ಅದನ್ನು ನಗುತ್ತಲೇ ಬಂದು ಹೇಳಿದ.

ಒಂದು ದಿನ ಅವನು ಟ್ರಂಕು ತೆಗೆದು ನನ್ನ ಮದುವೆಯ ಸೀರೆ ಹುಡುಕತೊಡಗಿದ. ಅದು ನನ್ನಪ್ಪ ಇಳಕಲ್ಲಿನ ಮನೆಯ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ನೇಯ್ದದ್ದು. ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದವಳು ಅವ್ವ. ಕೆಂಪು ದಡಿಯಂಚಿಗೆ ಅಪ್ಪ ಸಣ್ಣದೊಂದು ಹಳದಿ ಗೆರೆ ಎಳೆದಿದ್ದ. ಇಳಕಲ್ಲಿನ ನಮ್ಮ ಓಣಿಯಲ್ಲಿ ಬೇರೆ ಯಾರು ನೇಯ್ದ ಸೀರೆಗೂ ಅದಿರಲಿಲ್ಲ.

"ಯಾಕ್ರೀ ಅದು?"

"ಮಾಲೀಕರು ನೋಡಬೇಕಂತಾರ. ಇಳಕಲ್ ಸೀರಿ ನೇಯಿಸೂ ವಿಚಾರದಾಗ ಅದಾರ."

"ಮಷೀನ್ ಮ್ಯಾಲ? ನಮ್ಮಪ್ಪಂದು ನೋಡಿ ನೇಯಿಸ್ತಾರ?"

"ನಾ ಇಲ್ಲಂದ್ರ ಬ್ಯಾರೆ ಯಾರದರೆ ಸಿಗತೈತಿ. ನಾ ಕೊಟ್ರ ಕೆಲಸ ಉಳೀತೈತಿ."

ಸೀರೆಯ ಒಂದು ತುದಿ ಹಿಡಿದು ಜಗ್ಗಿದೆ. ಅವನು ಜಗ್ಗಲಿಲ್ಲ, ಬಿಡಲೂ ಇಲ್ಲ. ಹರಿದೀತೆಂದು ನಾನೇ ಬಿಟ್ಟೆ. ಕೆಲ ದಿನಗಳ ಮೇಲೆ ಅದು ತಿರುಗಿ ಬಂತು. ಎಳೆ ಬಿಡಿಸಿ ನೋಡಲು ಸೆರಗಿನಲ್ಲಿ ಅಂಗೈ ಅಗಲದ ತುಂಡು ಕತ್ತರಿಸಿದ್ದರು. ಆ ದಿನ ನಾನು ಒಲೆ ಹಚ್ಚಲಿಲ್ಲ.

ಮುಂದಿನ ಬೇಸಿಗೆಗೆ ತವರಿಗೆ ಹೋದೆ. ಮನೆಯ ಮಗ್ಗದ ಕುಣಿಯನ್ನು ಮಣ್ಣು ಹಾಕಿ ಮುಚ್ಚಿದ್ದರು. ಅದರ ಮೇಲೆ ಅವ್ವ ಜೋಳದ ಚೀಲ ಒಟ್ಟಿದ್ದಳು.

"ಅಪ್ಪ ಎಲ್ಲಿ?"

"ಬಜಾರಕ್ಕ ಹೋಗ್ಯಾನ. ಅಂಗಡ್ಯಾಗ ಕೂಡ್ತಾನ ಈಗ."

ಹುಡುಕಿಕೊಂಡು ಹೋದೆ. ಅದು ದೊಡ್ಡ ಸೀರೆ ಅಂಗಡಿ. ಬಾದಾಮಿ, ಕೂಡಲಸಂಗಮ ನೋಡಿಕೊಂಡು ಬರುವವರ ಗಾಡಿಗಳು ಅದರ ಮುಂದೆಯೇ ನಿಲ್ಲುತ್ತವೆ. ಗಾಜಿನ ಬಾಗಿಲಿನ ಪಕ್ಕದಲ್ಲಿ ಕೈಮಗ್ಗವೊಂದನ್ನು ಹೂಡಿ, ತಲೆಗೆ ರುಮಾಲು ಸುತ್ತಿಸಿ ಅಪ್ಪನನ್ನು ಕೂರಿಸಿದ್ದರು. ಅಪ್ಪ ಮನೆಯಲ್ಲಿ ಎಂದೂ ರುಮಾಲು ಸುತ್ತಿದವನಲ್ಲ. ಬಂದವರು ಅವನ ಫೋಟೋ ತೆಗೆದು ಒಳಗೆ ಹೋಗುತ್ತಿದ್ದರು. ಒಳಗಿನ ಕಪಾಟುಗಳ ತುಂಬ ಪವರ್‌ಲೂಮಿನ ಸೀರೆಗಳು. ಒಂದರ ಮಡಿಕೆ ಬಿಚ್ಚಿದೆ. ಕೆಂಪು ದಡಿ, ಅದರ ಅಂಚಿಗೆ ಹಳದಿ ಗೆರೆ.

ಹೊರಗೆ ಬಂದು ಅಪ್ಪನ ಪಕ್ಕದಲ್ಲಿ ಕೂತು, ಆದದ್ದೆಲ್ಲ ಹೇಳಿದೆ. ಅವನು ಲಾಳಿ ನಿಲ್ಲಿಸಲಿಲ್ಲ.

"ನೋಡೀನಿ. ಸೀರಿ ಅಂಗಡಿಗೆ ಬಂದ ದಿನಾನ ಗುರತಾತು," ಎಂದ.

"ಮತ್ಯಾಕ ಸುಮ್ಮನದಿ? ಇಲ್ಯಾಕ ಕುಂತಿ?"

"ಎಲ್ಲಿ ಕೂಡ್ಲಿ? ಇಲ್ಲಿ ನೇಯಾಕರೆ ಬಿಡ್ತಾರ." ಮತ್ತೆ ಅಂದ, "ಅಳಿಯಗ ಏನೂ ಅನಬ್ಯಾಡ. ಅವನ ಕಿವಿ ಹೆಂಗೈತಿ?"

ಉತ್ತರ ಹೇಳುವ ಮೊದಲೇ ಬೆಂಗಳೂರಿನ ಕಡೆಯ ಹೆಂಗಸೊಬ್ಬಳು ಒಳಗಿಂದ ಬಂದಳು. ಕೈಯಲ್ಲಿ ಆ ಹಳದಿ ಗೆರೆಯ ಸೀರೆ. ನನ್ನನ್ನು ಅಂಗಡಿಯವಳೆಂದು ತಿಳಿದಿರಬೇಕು. "ಇದು ಇವರೇ ನೇಯ್ದಿದ್ದಾ?" ಎಂದು ಕೇಳಿದಳು.

"ಅಲ್ರಿ. ಭಿವಂಡಿದು. ಮಷೀನಿಂದು," ಎಂದೆ. ಅಂಗಡಿಯ ಮಾಲೀಕ ಗಾಜಿನೊಳಗಿಂದ ಕತ್ತೆತ್ತಿ ನೋಡಿದ. ನನಗೆ ಹೆದರಿಕೆಯಾಗಲಿಲ್ಲ. ಅವಳು ಸೀರೆ ಅಲ್ಲೇ ಬಿಟ್ಟು ಹೋಗುತ್ತಾಳೆಂದೇ ಅಂದುಕೊಂಡಿದ್ದೆ.

ಅವಳು ಅದನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದಳು. "ನೋಡೋಕೆ ಹಾಗೇ ಇದೆಯಲ್ಲ," ಎಂದು ಅದನ್ನೇ ಹೆಗಲಿಗೆ ಹಾಕಿಕೊಂಡು, ಅಪ್ಪನ ಮಗ್ಗದ ಪಕ್ಕ ನಿಂತು ತನ್ನ ಗಂಡನಿಗೆ ಫೋಟೋ ತೆಗೆಯಲು ಹೇಳಿದಳು. "ಅಜ್ಜ, ಸ್ವಲ್ಪ ಈ ಕಡೆ ನೋಡಿ."

ಅಪ್ಪ ನೋಡಿದ. ನಾನು ಎದ್ದು ಬದಿಗೆ ಸರಿದೆ.